ಆಕ್ಸಿಟೋಸಿನ್: ಕೊಟ್ಟಿಗೆಯಿಂದ ಸುಪ್ರೀಂ ಕೋರ್ಟ್‌ವರೆಗೆ

ಆಕ್ಸಿಟೋಸಿನ್ ಎಂದೊಡನೆ ಹೈನುಗಾರರಿಗೆ ಹಾಲಿಳಿಸುವ ಚುಚ್ಚುಮದ್ದು ನೆನಪಾಗುತ್ತದೆ, ಹೆರಿಗೆ ತಜ್ಞರಿಗೆ ಬಾಣಂತಿಯ ರಕ್ತಸ್ರಾವ ತಡೆಯುವ ಔಷಧ ನೆನಪಾಗುತ್ತದೆ, ಪ್ರಾಣಿದಯೆಯ ಕಾರ್ಯಕರ್ತರಿಗೆ ಹಿಂಸೆಯ ಸಾಧನ ನೆನಪಾಗುತ್ತದೆ. ಮೂವರೂ ಮಾತಾಡುತ್ತಿರುವುದು ಒಂದೇ ವಸ್ತುವಿನ ಬಗ್ಗೆ. ಆದರೆ ಅಧಿಸೂಚನೆ, ತೀರ್ಪು, ಮೇಲ್ಮನವಿಗಳ ಸರಣಿಯಲ್ಲಿ ಈ ಮೂರು ವಾದಗಳು ಎಷ್ಟು ಹೆಣೆದುಕೊಂಡಿವೆಯೆಂದರೆ, ವಿವಾದ ಶುರುವಾದದ್ದು ಎಲ್ಲಿಂದ ಎಂಬುದೇ ಈಗ ಮಸುಕಾಗಿದೆ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂದು ಹೆನ್ರಿ ಡೇಲ್ 1906ರಲ್ಲಿ ಕಂಡುಕೊಂಡರು. 1910ರಲ್ಲಿ ಅದೇ ಸಾರ ಮೇಕೆಯಲ್ಲಿ ಹಾಲಿಳಿಸುವುದು ಗೊತ್ತಾಯಿತು. 1953ರಲ್ಲಿ ವಿನ್ಸೆಂಟ್ ದು ವಿಗ್ನೋ ಆ ಸಾರದಲ್ಲಿದ್ದ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಪ್ರಯೋಗಾಲಯದಲ್ಲೇ ತಯಾರಿಸಿ, ಎರಡು ವರ್ಷಗಳ ನಂತರ ನೊಬೆಲ್ ಪಡೆದರು. ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಅಣು ಅಂದಿನಿಂದ ಅಗ್ಗದ ಔಷಧವಾಯಿತು.

ಕರು ಬಂದು ಮೊಲೆಗೆ ಬಾಯಿ ಹಾಕಿದಾಗ ಆ ಸ್ಪರ್ಶದ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗಿ, ಆಕ್ಸಿಟೋಸಿನ್ ರಕ್ತಕ್ಕೆ ಬಿಡುಗಡೆಯಾಗಿ, ಕೆಚ್ಚಲಿನ ಸೂಕ್ಷ್ಮ ಹಾಲುಚೀಲಗಳನ್ನು ಸುತ್ತುವರಿದ ಕೋಶಗಳು ಹಿಂಡಿದಂತಾಗಿ ಹಾಲು ಕೆಳಗಿಳಿಯುತ್ತದೆ. ಸೊರೆ ಬಿಡುವುದು ಎನ್ನುವುದು ಇದನ್ನೇ. ಪ್ರಾಣಿ ಬೆದರಿದರೆ ಅಡ್ರಿನಲಿನ್ ಈ ಕ್ರಿಯೆಗೆ ಅಡ್ಡ ಬರುತ್ತದೆಂದು 1941ರಲ್ಲೇ ಅಮೆರಿಕದ ವಿಜ್ಞಾನಿಗಳಾದ ಎಲಿ ಮತ್ತು ಪೀಟರ್ಸನ್ ತೋರಿಸಿದ್ದರು. ಹಸುವಿನ ಹಾಲಿನಲ್ಲಿ ಸುಮಾರು ಐದರಲ್ಲೊಂದು ಭಾಗ ಮೊಲೆಯ ಮೇಲಿನ ಪೊಳ್ಳಿನಲ್ಲಿ ಮೊದಲೇ ಸಂಗ್ರಹವಾಗಿರುತ್ತದೆ. ಎಮ್ಮೆಯಲ್ಲಿ ಆ ಪಾಲು ಕೇವಲ ಶೇ 5ರ ಆಸುಪಾಸು. ಹೀಗಾಗಿ ಸೊರೆ ಬಿಡದ ಎಮ್ಮೆಯಿಂದ ಎಷ್ಟು ಎಳೆದರೂ ಸಿಗುವುದು ಅತ್ಯಲ್ಪ. ಚುಚ್ಚುಮದ್ದಿನ ಚಟ ಎಮ್ಮೆಯ ಕೊಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಚುಚ್ಚುಮದ್ದು ಬರುವ ಮೊದಲೂ ಬಲವಂತದ ದಾರಿಗಳಿದ್ದವು. ಫೂಕಾ ಎಂಬ ಕ್ರೂರ ಪದ್ಧತಿಯಲ್ಲಿ ಹಸುವಿನ ಯೋನಿಯೊಳಗೆ ಗಾಳಿ ಊದುತ್ತಿದ್ದರು. ಕಲ್ಕತ್ತದಲ್ಲಿ ದನಗಳಿಗೆ ಕೊಡುವ ಇಂಥ ಹಿಂಸೆಯ ವಿವರ ತಿಳಿದ ಮೇಲೆ ಗಾಂಧೀಜಿ ಹಾಲನ್ನೇ ತೊರೆದದ್ದು ಪ್ರಸಿದ್ಧ. ಯೋನಿ ಹಿಗ್ಗಿದಾಗ ಮಿದುಳು ಅದನ್ನು ಹೆರಿಗೆಯೆಂದೇ ಭಾವಿಸಿ ಆಕ್ಸಿಟೋಸಿನ್ ಬಿಡುತ್ತದೆ. ಊದುತ್ತಿದ್ದವರಿಗೆ ಹಾರ್ಮೋನಿನ ಹೆಸರು ಗೊತ್ತಿಲ್ಲದಿದ್ದರೂ ಅವರು ಬಳಸುತ್ತಿದ್ದುದು ಅದನ್ನೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಫೂಕಾದ ಜೊತೆಗೆ, ಹಾಲು ಹೆಚ್ಚಿಸಲು ಆರೋಗ್ಯಕ್ಕೆ ಹಾನಿಯಾಗುವಂತೆ ಚುಚ್ಚುವ ಯಾವುದೇ ವಸ್ತುವನ್ನೂ ನಿಷೇಧಿಸುತ್ತದೆ.

ಪಶುವೈದ್ಯರ ಕೈಯಲ್ಲಿ ಆಕ್ಸಿಟೋಸಿನ್‌ಗೆ ನ್ಯಾಯವಾದ ಕೆಲಸಗಳಿವೆ: ಗರ್ಭಕೋಶದ ಕಂಠ ತೆರೆದ ಮೇಲೂ ನೋವು ಸಾಲದಿದ್ದಾಗ, ಕರು ಹಾಕಿದ ನಂತರ ಗರ್ಭಕೋಶ ಕುಗ್ಗಬೇಕಾದಾಗ. ನಗರದಂಚಿನ ಕೊಟ್ಟಿಗೆಯ ಲೆಕ್ಕಾಚಾರ ಬೇರೆ. ಅಲ್ಲಿ ಹಾಲಿನ ಪ್ರತಿ ಲೀಟರಿಗೂ ಗಿರಾಕಿ ಇರುವುದರಿಂದ ಕರುವಿನ ಪಾಲೂ ಕ್ಯಾನಿಗೇ ಹೋಗುತ್ತದೆ. ಗಂಡು ಕರುವಂತೂ ಉಳಿಯುವುದೇ ಅಪರೂಪ. ಕರುವಿಲ್ಲದ ಎಮ್ಮೆ ಸೊರೆ ಬಿಡುವುದಿಲ್ಲ. ಆಗ ಚೀಟಿಯಿಲ್ಲದ ಪ್ಲಾಸ್ಟಿಕ್ ಬಾಟಲಿ ಹೊರಬರುತ್ತದೆ. ಅದರ ಸಾಂದ್ರತೆ ಎಷ್ಟೆಂದು ಚುಚ್ಚುವವರಿಗೂ ತಿಳಿದಿರುವುದಿಲ್ಲ, ಒಂದೇ ಸೂಜಿ ಸಾಲಿನಲ್ಲಿರುವ ಎಲ್ಲ ಎಮ್ಮೆಗಳಿಗೂ ಆಗುತ್ತದೆ. ಕೆಲವು ವಾರ ಹೀಗೆ ನಡೆದರೆ ಪ್ರಾಣಿಯ ಸಹಜ ಸ್ಪಂದನೆ ಕುಗ್ಗಿ, ಚುಚ್ಚದೆ ಹಾಲು ಪೂರ್ತಿ ಇಳಿಯದ ಸ್ಥಿತಿ ಬರುತ್ತದೆ.

ಈ ಚುಚ್ಚುಮದ್ದು ಪ್ರಾಣಿಯ ಸಂತಾನಶಕ್ತಿಯನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಬೆದೆಯ ನಂತರದ ಮೊದಲ ವಾರ ದಿನವೂ ಆಕ್ಸಿಟೋಸಿನ್ ಚುಚ್ಚಿದ ಪಡ್ಡೆಗಳಲ್ಲಿ ಸುಮಾರು 21 ದಿನಗಳ ಬೆದೆಚಕ್ರ ಅರ್ಧದಷ್ಟಕ್ಕೆ ಇಳಿಯಿತೆಂದು 1959ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಹ್ಯಾನ್ಸೆಲ್ ವರದಿ ಮಾಡಿದರು. ಆಕ್ಸಿಟೋಸಿನ್ ಗರ್ಭಕೋಶದಿಂದ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಹೊರಡಿಸುತ್ತದೆ. ಅದು ಅಂಡಾಶಯದಲ್ಲಿ ಗರ್ಭ ಕಾಯುವ ಹಳದಿ ಗ್ರಂಥಿಯನ್ನು ಕರಗಿಸುತ್ತದೆ. 1970ರ ದಶಕದಿಂದ ಪಶುವೈದ್ಯರು ಬೆದೆ ಬರಿಸಲು ನೀಡುವ ಕ್ಲೋಪ್ರೊಸ್ಟಿನಾಲ್‌ನಂಥ ಕೃತಕ ಸಂಯುಕ್ತಗಳು ಕೆಲಸ ಮಾಡುವುದೂ ಇದೇ ಹಾದಿಯಲ್ಲಿ, ಆದರೆ ಪರೀಕ್ಷಿಸಿ, ದಿನ ನೋಡಿ, ಅಳತೆಯಿಟ್ಟು. ಕೊಟ್ಟಿಗೆಯ ಬಾಟಲಿಗೆ ಈ ಯಾವ ಎಚ್ಚರವೂ ಇಲ್ಲ.

ವಿಚಿತ್ರವೆಂದರೆ ಸಾರ್ವಜನಿಕ ಚರ್ಚೆ ಎಮ್ಮೆಯ ದೇಹಕ್ಕಿಂತ ನಮ್ಮ ಲೋಟದ ಸುತ್ತಲೇ ಹೆಚ್ಚು ಸುತ್ತಿತು. ಇಂಥ ಹಾಲು ಕುಡಿದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬ ಮಾತು ಎಲ್ಲೆಡೆ ಹಬ್ಬಿತು. ಆಕ್ಸಿಟೋಸಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಕಿರು ಸರಪಳಿ. ಹೊಟ್ಟೆಗೆ ಹೋದರೆ ಆಹಾರದ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ಆದರೂ ಭಯಕ್ಕೆ ಸಿಕ್ಕ ಕಿವಿಗಳು ಪಶುವಿನ ನೋವಿಗೆ ಸಿಗಲಿಲ್ಲ.

ಈ ದುರ್ಬಳಕೆ ತಡೆಯಲು ಹಿಮಾಚಲ ಪ್ರದೇಶ ಹೈಕೋರ್ಟ್ 2016ರಲ್ಲಿ, ಆಕ್ಸಿಟೋಸಿನ್ ತಯಾರಿಕೆಯನ್ನು ಸಾರ್ವಜನಿಕ ವಲಯಕ್ಕಷ್ಟೇ ಬಿಡುವ ಸಾಧ್ಯತೆ ಪರಿಶೀಲಿಸಲು ಸೂಚಿಸಿತು. 2018ರ ಏಪ್ರಿಲ್ 27ರ ಅಧಿಸೂಚನೆಯಲ್ಲಿ ಕೇಂದ್ರವು ದೇಶದ ಬಳಕೆಗೆ ಖಾಸಗಿ ತಯಾರಿಕೆಯನ್ನು ನಿಷೇಧಿಸಿತು. ಆ ಹೊಣೆ ಬಿದ್ದದ್ದು ಕೇಂದ್ರ ಮತ್ತು ಕರ್ನಾಟಕ ಸರ್ಕಾರಗಳ ಜಂಟಿ ಉದ್ಯಮವಾದ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಒಂದರ ಮೇಲೆ. ಹೆರಿಗೆಯ ಆಸ್ಪತ್ರೆಗಳು ಬೆಚ್ಚಿದವು: ಇಡೀ ದೇಶಕ್ಕೆ ಒಂದೇ ಕಾರ್ಖಾನೆ ಸಾಲದೆ ಹೋದರೆ ಪ್ರಾಣ ಹೋಗುವುದು ಬಾಣಂತಿಯರದ್ದು. ಜುಲೈ 1ಕ್ಕೆ ಜಾರಿಯಾಗಬೇಕಿದ್ದ ನಿಷೇಧ ಸೆಪ್ಟೆಂಬರ್ 1ಕ್ಕೆ ಮುಂದೂಡಲ್ಪಟ್ಟು, ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ವೈಜ್ಞಾನಿಕ ಆಧಾರವಿಲ್ಲ, ಪೂರೈಕೆ ಕುಗ್ಗಿದರೆ ಮಹಿಳೆಯರಿಗಾಗುವ ಅಪಾಯವನ್ನು ತೂಗಿಲ್ಲ ಎಂಬುದು ಅದರ ಅಭಿಪ್ರಾಯ. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು.

ಆ ಪೀಠದ ಮುಂದೆ ಹೋದ ಪ್ರಶ್ನೆ ಔಷಧವನ್ನು ಯಾರು ತಯಾರಿಸಬೇಕೆಂಬುದು. ಅಕ್ರಮ ಬಾಟಲಿಗಳಿಗೆ ಪರವಾನಗಿ ಹಿಂದೆಯೂ ಇರಲಿಲ್ಲ; ಪರವಾನಗಿ ಇದ್ದವರನ್ನು ನಿಲ್ಲಿಸಿದರೆ ಅವು ನಿಲ್ಲುವುದಕ್ಕೂ ಕಾರಣವಿಲ್ಲ. ಕೊಟ್ಟಿಗೆಯಲ್ಲಿ ಚುಚ್ಚುವವರಿಗೆ ಅನ್ವಯಿಸುವುದು ಆ ಹಳೆಯ 12ನೇ ಸೆಕ್ಷನ್ನೇ: ಗರಿಷ್ಠ ಎರಡು ವರ್ಷ ಸೆರೆ ಅಥವಾ ಒಂದು ಸಾವಿರ ರೂಪಾಯಿಯವರೆಗಿನ ದಂಡ ಅಥವಾ ಎರಡೂ, ಜೊತೆಗೆ ಪ್ರಾಣಿಯ ಮುಟ್ಟುಗೋಲು. ಒಂದು ಎಮ್ಮೆಯ ಕೆಲವೇ ದಿನಗಳ ಹಾಲು ಮಾರಿದರೆ ಆ ದಂಡದ ಹಣ ಕೈಗೆ ಬರುತ್ತದೆ.