ಒಂದು ಮಿಲಿಮೀಟರಿನ ಹಿತ್ತಾಳೆ ಬಳೆ

ಕಳೆದ ದೀಪಾವಳಿಗೆ ಉಡುಪಿಯ ಮನೆಯ ಚಾವಡಿಯಲ್ಲಿ ದೊಡ್ಡಮ್ಮನನ್ನು ಕೂರಿಸಿ ಒಂದು ಚಿತ್ರ ತೆಗೆದೆ. ಮುಖ ಅರೆಬದಿಗೆ ತಿರುಗಿತ್ತು, ಅಂಗಳದ ಬೆಳಕು ಕೆನ್ನೆಗೆ ಬೀಳುತ್ತಿತ್ತು. ನನಗೂ ಅವರಿಗೂ ನಡುವೆ 1 ಮೀಟರ್ ಅಂತರ. ಕ್ಯಾಮೆರಾ ಬೆಸ್ಸಾ ಆರ್2 ಎಂಬ ರೇಂಜ್‌ಫೈಂಡರ್, ಅದಕ್ಕೆ ಕೂರಿಸಿದ್ದು ರಷ್ಯಾದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯ ಹಳೆಯ 50 ಮಿ.ಮೀ. ಜುಪಿಟರ್-8 ಲೆನ್ಸು, ಎರಡರ ನಡುವೆ ಅಡಾಪ್ಟರ್ ಎಂಬ ಒಂದು ಹಿತ್ತಾಳೆ ಬಳೆ. ಬೆಳಕು ಕಡಿಮೆ ಇದ್ದುದರಿಂದ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಪೂರ್ತಿ ತೆರೆದು ಎಫ್/2ಕ್ಕೆ ಇಟ್ಟಿದ್ದೆ. ಅವರ ಕಣ್ಣಿನ ಎರಡು ಬಿಂಬಗಳು ಕಿಂಡಿಯಲ್ಲಿ ಒಂದರ ಮೇಲೊಂದು ಕೂತದ್ದನ್ನು ನೋಡಿಯೇ ಗುಂಡಿ ಒತ್ತಿದ್ದು. ರೀಲು ತೊಳೆಸಿ ನೋಡಿದರೆ ಬೆಂಡೋಲೆಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು, ಕಣ್ಣು ಮಾತ್ರ ಹಬೆಯ ಆಚೆ ಇದ್ದ ಹಾಗೆ ಮಸುಕು.

ಕೈ ನಡುಗಿದ್ದರೆ ಎಲ್ಲವೂ ಮಸುಕಾಗಬೇಕಿತ್ತು. ಹಾಗಾಗಿರಲಿಲ್ಲ. ಫೋಕಸ್ ಸುಮಾರು 3 ಸೆಂಟಿಮೀಟರಿನಷ್ಟು ಹಿಂದಕ್ಕೆ ಹೋಗಿ ಕೂತಿತ್ತು. ಆ 3 ಸೆಂಟಿಮೀಟರ್ ಎಲ್ಲಿಂದ ಬಂತು?

ಮೊಬೈಲಿನಲ್ಲಾಗಲಿ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಾಗಲಿ ನಾವು ನೋಡುವುದು ಲೆನ್ಸು ಕಂಡದ್ದನ್ನೇ. ಫೋಕಸ್ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ರೇಂಜ್‌ಫೈಂಡರ್‌ನಲ್ಲಿ ಹಾಗಿಲ್ಲ. ಅಲ್ಲಿ ಮೈಮೇಲೆ ಎರಡು ಕಿಂಡಿಗಳಿರುತ್ತವೆ. ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಜರುಗಿದಂತೆ ಕಾಣುತ್ತದಲ್ಲ, ಅದೇ ಲೆಕ್ಕ. ಹತ್ತಿರದ ವಸ್ತು ಹೆಚ್ಚು ಜರುಗುತ್ತದೆ, ದೂರದ್ದು ಕಡಿಮೆ. ಎರಡು ಕಿಂಡಿಗಳ ಬಿಂಬ ಒಂದಾದಾಗ ದೂರ ಅಳೆದಂತಾಯಿತು. ಲೆನ್ಸು ಈಗ ಎಷ್ಟು ಮುಂದೆ ಇದೆ ಎನ್ನುವುದು ಈ ಅಳತೆಗಾರನಿಗೆ ತಿಳಿಯುವುದು ಮುಟ್ಟಿ ನೋಡಿ. ಲೆನ್ಸಿನ ಬೆನ್ನಿಗೆ ಲೋಹದ ಒಂದು ಬಳೆ, ಕ್ಯಾಮೆರಾದ ಬಾಯೊಳಗೆ ಸನ್ನೆಯ ತುದಿಯಲ್ಲಿ ಒಂದು ಪುಟ್ಟ ಗಾಲಿ. ಲೆನ್ಸನ್ನು ತಿರುಗಿಸಿದಂತೆ ಬಳೆ ಹಿಂದೆ ಮುಂದೆ ಸರಿಯುತ್ತದೆ, ಗಾಲಿ ಅದರ ಜೊತೆಗೇ ಸರಿಯುತ್ತದೆ. ಗಾಜಿನ ಮೂಲಕ ಬಂದ ಬೆಳಕು ಕ್ಯಾಮೆರಾಕ್ಕೆ ಗೊತ್ತಿಲ್ಲ. ಬಳೆ ಹೇಳಿದ್ದನ್ನು ಅದು ನಂಬುತ್ತದೆ.

ನನ್ನ ಸಂಶಯ ಮೊದಲು ಹೋದದ್ದು ಅಡಾಪ್ಟರ್ ಮೇಲೆ. ಆಸ್ಕರ್ ಬಾರ್ನಾಕ್ ರೂಪಿಸಿದ ಜರ್ಮನಿಯ ಲೈಕಾ ಕ್ಯಾಮೆರಾ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಜನರ ಮುಂದೆ ಬಂತು. ಆಗ ಅದರ ಲೆನ್ಸು ಮೈಗೆ ಅಂಟಿಕೊಂಡೇ ಇತ್ತು. 1930ರ ಹೊತ್ತಿಗೆ ತಿರುಪಿ ಬಿಚ್ಚುವ ಲೆನ್ಸುಗಳು ಬಂದವು, 1932ರ ಲೈಕಾ 2ರಲ್ಲಿ ರೇಂಜ್‌ಫೈಂಡರ್ ಲೆನ್ಸಿನ ಜೊತೆ ಬೆಸೆದುಕೊಂಡಿತು. ತಿರುಪಿನ ಬಾಯಿ 39 ಮಿ.ಮೀ., ಇಂಚಿಗೆ 26 ಸುತ್ತು, ಲೆನ್ಸು ಕೂರುವ ಅಂಚಿನಿಂದ ಫಿಲ್ಮಿಗೆ 28.8 ಮಿ.ಮೀ. ರಷ್ಯಾ, ಜಪಾನ್ ಎಲ್ಲ ಕಡೆಯೂ ಇದೇ ಅಳತೆಗೆ ಲೆನ್ಸುಗಳು ತಯಾರಾದವು. 1954ರಲ್ಲಿ ಲೈಕಾ ಎಂ3 ಬಂದಾಗ ತಿರುಪು ಹೋಗಿ, ಹಾಕಿ ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳುವ ಬಾಯಿ ಬಂತು. ನನ್ನ ಬೆಸ್ಸಾದ್ದು ಈ ಬಾಯಿ, ಜುಪಿಟರ್-8ರದ್ದು ಹಳೆಯ ತಿರುಪು. ಹೊಸ ಅಳತೆ 27.8 ಮಿ.ಮೀ. ಸರಿಯಾಗಿ 1 ಮಿ.ಮೀ. ಕಡಿಮೆ! ಆ ಜಾಗಕ್ಕೆ 1 ಮಿ.ಮೀ. ದಪ್ಪದ ಒಂದು ಅಡಾಪ್ಟರ್ ಬಳೆ ಕೂರಿಸಿದರೆ ಹಳೆಯ ಲೆನ್ಸು ತನ್ನ ಹಳೆಯ ಜಾಗದಲ್ಲೇ ಇರುತ್ತದೆ. ಕೊಂಡವರ ಹಳೆಯ ಲೆನ್ಸುಗಳು ಒಂದೇ ದಿನದಲ್ಲಿ ಗುಜರಿಗೆ ಹೋಗಲಿಲ್ಲ. ಯಂತ್ರ ಕಟ್ಟುವವರಲ್ಲಿ ನನಗೆ ತುಂಬ ಇಷ್ಟವಾಗುವ ಗುಣ ಇದು. ಬಳೆಯ ಅಂಚನ್ನು ಕತ್ತರಿಸಿದ ರೀತಿಯಿಂದಲೇ ಕಿಂಡಿಯೊಳಗೆ ಯಾವ ಚೌಕಟ್ಟು ಗೆರೆ ಮೂಡಬೇಕೆನ್ನುವುದೂ ತೀರ್ಮಾನವಾಗುತ್ತದೆ. ಆದ್ದರಿಂದ 50 ಮಿ.ಮೀ. ಲೆನ್ಸಿಗೆ ಒಂದು ಬಳೆ, 35 ಮಿ.ಮೀ.ಗೆ ಇನ್ನೊಂದು.

ಕೊಳ್ಳುವವರಿಗೆ ಇಲ್ಲಿ ಒಂದು ಎಚ್ಚರ ಬೇಕು. ಜೆನಿಟ್ ಎಂಬ ರಷ್ಯನ್ ಎಸ್‌ಎಲ್‌ಆರ್‌ನ ಹಳೆಯ ಲೆನ್ಸುಗಳಿಗೂ 39 ಮಿ.ಮೀ. ತಿರುಪೇ ಇದೆ. ಅವು ಬಳೆಯೊಳಗೆ ತಿರುಗಿ ಕೂರಬಹುದು, ಆದರೆ ಫಿಲ್ಮಿನಿಂದ ಇರಬೇಕಾದ ದೂರ 45.2 ಮಿ.ಮೀ. ಯಾವ ದೂರದ ವಸ್ತುವೂ ಸ್ಪಷ್ಟವಾಗಿ ಬೀಳುವುದಿಲ್ಲ.

ಇನ್ನು ಬಳೆಯ ದಪ್ಪದಲ್ಲಿ 0.05 ಮಿ.ಮೀ. ಹೆಚ್ಚಾದರೆ ಏನಾಗುತ್ತದೆ? ಲೆನ್ಸಿನ ಸಂಗಮದೂರದ (ಫೋಕಲ್ ಲೆಂಗ್ತ್, ಇಲ್ಲಿ 50 ಮಿ.ಮೀ.) ವರ್ಗವನ್ನು ಆ ಹೆಚ್ಚಳದಿಂದ ಭಾಗಿಸಿ. 50 ಗುಣಿಸು 50 ಅಂದರೆ 2500, ಅದನ್ನು 0.05ರಿಂದ ಭಾಗಿಸಿದರೆ 50,000 ಮಿ.ಮೀ., ಅಂದರೆ 50 ಮೀಟರ್. ಅನಂತಕ್ಕೆ ತಿರುಗಿಸಿಟ್ಟ ಲೆನ್ಸು 50 ಮೀಟರ್ ಆಚೆಗೆ ಹೋಗಲಾರದೆ ನಿಲ್ಲುತ್ತದೆ. ಇದನ್ನು ಪರೀಕ್ಷಿಸಲು ಮಲ್ಪೆಗಿಂತ ಒಳ್ಳೆಯ ಜಾಗ ಬೇಕೇ? ದಡದಲ್ಲಿ ಕ್ಯಾಮೆರಾವನ್ನು ಮೂರುಕಾಲಿನ ಮೇಲೆ ನಿಲ್ಲಿಸಿ, ಎಫ್/2ಕ್ಕೆ ಇಟ್ಟು, ಸುಮಾರು 6 ಕಿ.ಮೀ. ಆಚೆ ಇರುವ ಸೇಂಟ್ ಮೇರೀಸ್ ದ್ವೀಪದ ತೆಂಗುಗಳನ್ನು ತೆಗೆದೆ. ಬಳೆ ದಪ್ಪವಾಗಿದ್ದರೆ ಹತ್ತಿರದ ದೋಣಿ ಚೊಕ್ಕವಾಗಿ, ದ್ವೀಪ ಮಸುಕಾಗಿ ಬರಬೇಕಿತ್ತು. ತೆಂಗಿನ ತಲೆಗಳು ಒಂದೊಂದಾಗಿ ಬಿಡಿಸಿ ಕಂಡವು. ಬಳೆಯದು ತಪ್ಪಿಲ್ಲ.

ಮನೆಗೆ ಬಂದು ಲೆಕ್ಕ ಹಾಕುವಾಗ ಇನ್ನೊಂದು ಸೊಗಸು ಹೊಳೆಯಿತು. 50 ಮಿ.ಮೀ. ಲೆನ್ಸಿನಲ್ಲಿ ಗಾಜು ಸರಿದಷ್ಟೇ ಬೆನ್ನಿನ ಬಳೆಯೂ ಸರಿಯುತ್ತದೆ. ಹಾಗಾಗಿ ಅಡಾಪ್ಟರ್ ದಪ್ಪವಾಗಿದ್ದರೂ ಗಾಲಿಗೆ ಅದು ಗೊತ್ತಾಗುತ್ತದೆ, ಗಾಜು 50 ಮೀಟರಿನಲ್ಲಿದ್ದರೆ ಕಿಂಡಿಯೂ 50 ಮೀಟರ್ ಎಂದೇ ತೋರಿಸುತ್ತದೆ. ಅನಂತ ಸಿಗುವುದಿಲ್ಲ ಅಷ್ಟೇ, ಸುಳ್ಳು ಹೇಳುವುದಿಲ್ಲ. 90 ಮಿ.ಮೀ. ಲೆನ್ಸಿನಲ್ಲಿ ಅದೇ 0.05 ಮಿ.ಮೀ.ಗೆ ಗಾಜು ನಿಲ್ಲುವುದು 162 ಮೀಟರಿನಲ್ಲಿ, ಕಿಂಡಿ ಹೇಳುವುದು ಸುಮಾರು 50. ಅಗ್ಗದ ಅಡಾಪ್ಟರ್ ನಿಜವಾಗಿ ಕೈಕೊಡುವುದು ಅಲ್ಲಿ.

ಹಾಗಾದರೆ ಬೆಂಡೋಲೆಯ ರಹಸ್ಯ ಲೆನ್ಸಿನಲ್ಲೇ ಇರಬೇಕು. ಲೈಕಾ ಪದ್ಧತಿಯ ರೇಂಜ್‌ಫೈಂಡರ್‌ಗೆ ಮೂಲ ಅಳತೆ 51.6 ಮಿ.ಮೀ. ಸಂಗಮದೂರ. ಮೇಲೆ 50 ಎಂದು ಬರೆದಿದ್ದರೂ ಒಳಗಿನ ಲೆಕ್ಕ ಅದು. 35, 90 ಮಿ.ಮೀ. ಲೆನ್ಸುಗಳು ತಮ್ಮ ಚಲನೆಯನ್ನು ಈ ಅಳತೆಗೆ ಪರಿವರ್ತಿಸಿಯೇ ಗಾಲಿಗೆ ಮುಟ್ಟಿಸುತ್ತವೆ. ಜುಪಿಟರ್-8ರ ವಂಶ ಬೇರೆ. ಲುಡ್ವಿಗ್ ಬರ್ಟೆಲೆ 1930ರ ದಶಕದಲ್ಲಿ ಜೈಸ್‌ಗಾಗಿ ರೂಪಿಸಿದ ಸೋನ್ನಾರ್ ಲೆನ್ಸಿನಿಂದ ಬಂದದ್ದು. ಅದರ ಸಂಗಮದೂರ ಸುಮಾರು 52.4 ಮಿ.ಮೀ. ವ್ಯತ್ಯಾಸ 0.8 ಮಿ.ಮೀ. ದ್ವೀಪವನ್ನು ನೋಡುವಾಗ ಇದು ತೊಡಕಾಗುವುದಿಲ್ಲ. ಹತ್ತಿರ ಬಂದಂತೆ ಬೆಳೆಯುತ್ತದೆ. 1 ಮೀಟರಿನಲ್ಲಿರುವ ಕಣ್ಣಿಗೆ 51.6ರ ಲೆನ್ಸು ಮುಂದೆ ಸರಿಯಬೇಕಾದ್ದು ಸುಮಾರು 3 ಮಿ.ಮೀ., 52.4ರದ್ದು ಸುಮಾರು 3.1 ಮಿ.ಮೀ. ಕ್ಯಾಮೆರಾ ಮೂರಕ್ಕೇ ಸಾಕು ಎನ್ನುತ್ತದೆ. ಎಫ್/2ರಲ್ಲಿ ಫಿಲ್ಮು ಸಹಿಸುವ ತಪ್ಪು ಹೆಚ್ಚೆಂದರೆ 0.06 ಮಿ.ಮೀ., ಇಲ್ಲಿ 0.1 ಆಗಿದೆ. ಫಿಲ್ಮಿನ ಬಳಿಯ ಆ 0.1 ಮಿ.ಮೀ. ದೊಡ್ಡಮ್ಮನ ಮುಖದ ಬಳಿ ಸುಮಾರು 3 ಸೆಂ.ಮೀ. ಆಗಿ ಹಿಗ್ಗುತ್ತದೆ. ಕಣ್ಣಿನಿಂದ ಹಿಂದಕ್ಕೆ, ಬೆಂಡೋಲೆಯ ಕಡೆಗೆ.

ಪರಿಹಾರವಿದೆ. ಲೆನ್ಸು ಬಿಚ್ಚಿ, ಗಾಜಿನ ಗಡ್ಡೆಗೂ ಅದು ಕೂರುವ ಕೊಳವೆಗೂ ನಡುವೆ 0.1 ಮಿ.ಮೀ. ದಪ್ಪದ ತೆಳು ವಾಶರ್ ಸೇರಿಸಿದರೆ ಹತ್ತಿರದ ಮುಖಗಳು ಸರಿಯಾಗುತ್ತವೆ. ದ್ವೀಪ ಕೈಬಿಟ್ಟುಹೋಗುತ್ತದೆ, ಅದಕ್ಕೆ ಎಫ್/8ಕ್ಕೆ ಕಿರಿದು ಮಾಡಿದರಾಯಿತು, ಅಲ್ಲಿ ಸಹಿಸುವ ತಪ್ಪು 0.24 ಮಿ.ಮೀ.

ನಾನು ಬಿಚ್ಚಿಲ್ಲ. ಇಷ್ಟೆಲ್ಲ ಗೊತ್ತಾಗುವ ಹೊತ್ತಿಗೆ ಮಳೆ ಹಿಡಿದಿತ್ತು. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ ಗಾಳಿಗೆ ಲೆನ್ಸಿನ ಒಳಮೈ ತೆರೆದಿಡುವುದು ಬೂಷ್ಟಿಗೆ ಕರೆ ಕಳಿಸಿದ ಹಾಗೆ. ಅದಕ್ಕೆ ಗಾಜು ಆಹಾರವಲ್ಲ, ಧೂಳು ಮತ್ತು ಎಣ್ಣೆಯ ಪಸೆ ಸಾಕು. ಅದು ಬಿಡುವ ಆಮ್ಲ ಮಾತ್ರ ಲೇಪನವನ್ನು, ಕೊನೆಗೆ ಗಾಜನ್ನೂ ಕೊರೆಯುತ್ತದೆ. ಹೀಗೆ ಜೇಡರ ಬಲೆ ಕಟ್ಟಿದ ಒಳ್ಳೆಯ ಲೆನ್ಸುಗಳನ್ನು ಮಂಗಳೂರಿನಲ್ಲಿ ನೋಡಿ ಸಂಕಟಪಟ್ಟಿದ್ದೇನೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಇಡಿ. ತೇವಾಂಶ ಶೇಕಡಾ 40ರಿಂದ 50ರ ಒಳಗಿರಲಿ. ದಯವಿಟ್ಟು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಬೇಡಿ.

ಮೊನ್ನೆ ದೊಡ್ಡಮ್ಮನನ್ನು ಮತ್ತೆ ಅದೇ ಚಾವಡಿಯಲ್ಲಿ ಕೂರಿಸಿದೆ. ಕಣ್ಣಿನ ಮೇಲೆ ಬಿಂಬ ಕೂಡಿಸಿ, ಉಸಿರು ಹಿಡಿದು, ಮೈಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ವಾಲಿಸಿ ಗುಂಡಿ ಒತ್ತಿದೆ.

"ಎಂಥದಾ ಮಗ, ಪ್ರತೀ ಸಲ ಹಿಂದೆ ಹೋಗುದು ಯಾಕೆ?" ಎಂದರು. ಈ ಸಲ ರೆಪ್ಪೆಗೂದಲು ಬಂದಿದೆ.