ನುಡಿ ಫೈಲು ತೆರೆದರೆ ಪೌಂಡ್ ಗುರುತು ಯಾಕೆ ಬರುತ್ತೆ?

“ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಸಿದೆ. ನಮ್ಮ ಸಂಘದ ವರದಿಗಳೆಲ್ಲ ನುಡಿಯಲ್ಲಿವೆ. ತೆರೆದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತೆ. ಲಿನಕ್ಸ್‌ಗೆ ಕನ್ನಡ ಬರಲ್ವಾ ಸರ್?”

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಇನ್ನೊಂದು ಸಲ ಬರೆಯುತ್ತೇನೆ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಲಿನಕ್ಸ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ವ್ಯವಸ್ಥೆ, ಮಿಂಟ್ ಅದರ ಒಂದು ರೂಪ. ಲಿನಕ್ಸ್‌ಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಕನ್ನಡ ಇಲ್ಲದಿರುವುದು ನಿಮ್ಮ ಫೈಲಿನಲ್ಲಿ.

ಸಿಟ್ಟಾಗಬೇಡಿ, ಹತ್ತಿರದಿಂದ ನೋಡೋಣ. ಆ ಫೈಲಿನಲ್ಲಿ ‘ಕನ್ನಡ’ ಎಂಬ ಪದ ಇರಬೇಕಾದ ಜಾಗ ಹುಡುಕಿ. ಮೊದಲು ದೊಡ್ಡ ಪಿ. ಆಮೇಲೆ ತಲೆಯ ಮೇಲೆ ಗೀರಿರುವ ಎ. ನಂತರ ಪೌಂಡ್ ಗುರುತು, ಮತ್ತೆ ಗೀರಿನ ಎ, ಬೀಟಾದ ಹಾಗೆ ಕಾಣುವ ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯು, ಕೊನೆಗೆ ಮತ್ತೊಂದು ಎ. ಒಟ್ಟು 7. ಕಂಪ್ಯೂಟರ್ ಉಳಿಸಿಟ್ಟಿರುವುದು ಇಷ್ಟನ್ನೇ. ಹಳೇ ನುಡಿ ಫಾಂಟ್ ಇವಕ್ಕೆ ವೇಷ ಹಾಕುತ್ತದೆ. ಪಿ ಇದ್ದಲ್ಲಿ ತಲೆಕಟ್ಟಿಲ್ಲದ ಕ, ಎ ಇದ್ದಲ್ಲಿ ತಲೆಕಟ್ಟು, ಪೌಂಡ್ ಇದ್ದಲ್ಲಿ ತಲೆಕಟ್ಟಿಲ್ಲದ ನ, ಜರ್ಮನ್ ಅಕ್ಷರದ ಜಾಗದಲ್ಲಿ ನ ಒತ್ತು. ವೇಷ ಕಳಚಿದರೆ ಒಳಗಿರುವ ಪಾತ್ರಧಾರಿ ಕಾಣುತ್ತಾನೆ, ಅಷ್ಟೇ. ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲಿ ತೆರೆಯಿರಿ, ಅಲ್ಲೂ ಇದೇ ಪೌಂಡ್!

ನುಡಿ ಮಾಡಿದವರನ್ನು ಬೈಯಬೇಡಿ. ಒಂದು ಫಾಂಟಿಗೆ 256 ಮನೆ, ಅಂದರೆ ಅಕ್ಷರ ಕೂರುವ ಜಾಗ, ಮಾತ್ರ ಇದ್ದ ಕಾಲದ ಉಪಾಯ ಅದು. ಪ್ರತಿ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಗಳಿವೆ. ಕ ಅಕ್ಷರದ ಮನೆ ಸಂಖ್ಯೆ 3221. ಈಗಿನ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ. ಆದರೂ ಅಭ್ಯಾಸಬಲದಿಂದ ಹಳೇ ಫಾಂಟಿನಲ್ಲೇ ಕುಟ್ಟುವವರು ಇನ್ನೂ ಇದ್ದಾರೆ. ಬೇಸರ ಆಗುವುದು ಅಲ್ಲಿ.

ಇಷ್ಟು ಹೇಳಿದ ಮೇಲೆ ಯಾರಾದರೊಬ್ಬರು ಖುಷಿಯಿಂದ ಬರೆಯುತ್ತಾರೆ: “ನುಡಿ ಫಾಂಟನ್ನೇ ಲಿನಕ್ಸ್‌ಗೆ ಹಾಕಿಬಿಟ್ಟೆ, ಎಲ್ಲಾ ಸರಿಹೋಯ್ತು.” ಹೌದು, ಫಾಂಟ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಕಣ್ಣಿಗೆ ಕನ್ನಡವೇ. ಪ್ರಿಂಟ್ ತೆಗೆಯಲು ಸಾಕು. ಈಗ ಫೋನಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ, ಅದನ್ನು ತಂದು ಆ ಫೈಲಿನಲ್ಲಿ ಹುಡುಕಿ ನೋಡಿ. ಸಿಗಲ್ಲ. ಅದೇ ಸಾಲನ್ನು ವಾಟ್ಸಾಪ್‌ಗೆ ಹಾಕಿ. ಪೌಂಡ್ ವಾಪಸ್.

ಅಕ್ಷರದ ಬದಲು ಚೌಕಾಕಾರದ ಡಬ್ಬಿ ಕಂಡರೆ ಮಾತು ಬೇರೆ. ಅಲ್ಲಿ ಕನ್ನಡ ಇದೆ, ಫಾಂಟ್ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಲೋಹಿತ್ ಕನ್ನಡ ಅಥವಾ ಗುಬ್ಬಿ ಎಂಬ ಫಾಂಟ್ ಹುಡುಕಿ ಹಾಕಿಕೊಳ್ಳಿ.

ಹಳೇ ವರದಿಗಳಿಗೆ ಪರಿವರ್ತನೆಯೇ ದಾರಿ. ಆಸ್ಕಿಯಿಂದ, ಅಂದರೆ ಈ ಹಳೇ ಫಾಂಟಿನ ಪದ್ಧತಿಯಿಂದ, ಯೂನಿಕೋಡ್‌ಗೆ ತರುವ ಕನ್ವರ್ಟರ್‌ಗಳು ಬ್ರೌಸರ್‌ನಲ್ಲೇ ಸಿಗುತ್ತವೆ. ಅಲ್ಲಿ ಬಂದದ್ದನ್ನು ಲಿಬ್ರೆ ಆಫೀಸ್‌ಗೆ (ಲಿನಕ್ಸ್‌ನಲ್ಲಿ ವರ್ಡ್‌ನ ಹಾಗಿರುವ ಸಾಫ್ಟ್‌ವೇರ್) ಅಂಟಿಸುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ವಿ ಒತ್ತಿ. ಹಳೇ ಫಾಂಟಿನ ನೆನಪು ಕಳಚಿ ಬರೀ ಪಠ್ಯ ಬರುತ್ತದೆ. ಆಮೇಲೆ ಕೂತು ಒಮ್ಮೆ ಓದಲೇಬೇಕು. ಮಧ್ಯೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ವೇಷ ಹಾಕಿಕೊಂಡಿರುತ್ತವೆ. ‘ವರ್ಷ’, ‘ಕಾರ್ಯದರ್ಶಿ’ಗಳ ಅರ್ಕಾವತ್ತು ನೆಟ್ಟಗಿದೆಯಾ ನೋಡಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನುಡಿಗೆ ಒಗ್ಗಿದ ಬೆರಳುಗಳು ಲಿನಕ್ಸ್‌ನಲ್ಲಿ ಹೊಸದಾಗಿ ಏನೂ ಕಲಿಯಬೇಕಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಕಗಪ ಎನ್ನುತ್ತೇವಲ್ವಾ, ಅದು ಲಿನಕ್ಸ್ ಒಳಗೇ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ಸ್‌ಗೆ ಹೋಗಿ, ಕನ್ನಡದ ಸಾಲಿನಲ್ಲಿ ಕಗಪ ಎಂದಿರುವುದನ್ನು ಸೇರಿಸಿ. ಬೇರೆ ಸಾಫ್ಟ್‌ವೇರ್ ಬೇಡ. ಒತ್ತಕ್ಷರಕ್ಕೆ ಅದೇ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ. ‘ಕನ್ನಡ’ ಬಂತಾ? ಈ ಸಲ ಫೈಲಿನೊಳಗೆ ಇರುವುದು 5 ಗುರುತು, ಐದೂ ಕನ್ನಡದವೇ.