ಎಂಟನೇ ತರಗತಿಗಿಂತ ಮೊದಲೇ

ಹರೆಯದ ಆರಂಭ ಮೈಯಲ್ಲಿ ಕಾಣಿಸಿಕೊಳ್ಳುವ ಎಷ್ಟೋ ಮೊದಲು ಮಿದುಳಿನಲ್ಲಿ ಆಗಿರುತ್ತದೆ. ಹೈಪೊಥಾಲಮಸ್‌ನ ಕೆಲವು ನರಕೋಶಗಳು ಕಿಸ್‌ಪೆಪ್ಟಿನ್ ಎಂಬ ಪೆಪ್ಟೈಡನ್ನು, ಅಂದರೆ ಸಂದೇಶ ಒಯ್ಯುವ ಪುಟ್ಟ ಪ್ರೋಟೀನನ್ನು, ಹೆಚ್ಚಾಗಿ ಸ್ರವಿಸತೊಡಗಿದಾಗ, ಶೈಶವದ ನಂತರ ಹೆಚ್ಚುಕಡಿಮೆ ತಣ್ಣಗಿದ್ದ ಗೊನಾಡೊಟ್ರೊಪಿನ್ ಬಿಡುಗಡೆಯ ಹಾರ್ಮೋನು ಮೊದಮೊದಲು ರಾತ್ರಿಯ ನಿದ್ರೆಯಲ್ಲಿ ಮಿಡಿತ ಮಿಡಿತವಾಗಿ ಹೊರಬೀಳುತ್ತದೆ. ಅದು ಪಿಟ್ಯುಟರಿ ಗ್ರಂಥಿಯನ್ನೂ, ಆ ಗ್ರಂಥಿಯ ಹಾರ್ಮೋನುಗಳು ಅಂಡಾಶಯ ಅಥವಾ ವೃಷಣಗಳನ್ನೂ ಎಬ್ಬಿಸುತ್ತವೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದ ನಡುವೆ ಇದರ ಮೊದಲ ಗುರುತುಗಳು ಕಾಣುತ್ತವೆ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಐದನೇ ತರಗತಿಯಲ್ಲಿ ಕುಳಿತ ಹತ್ತು ವರ್ಷದ ಹುಡುಗಿಯ ದೇಹದಲ್ಲಿ ಈ ಕೆಲಸ ಆಗಲೇ ಶುರುವಾಗಿರಬಹುದು. ಪಠ್ಯಪುಸ್ತಕ ಮಾತ್ರ ಹರೆಯದ ವಿಷಯಕ್ಕೆ ಬರುವುದು ಎಂಟನೇ ತರಗತಿಯಲ್ಲಿ, ಮಾನವ ಸಂತಾನೋತ್ಪತ್ತಿಗೆ ಬರುವುದು ಹತ್ತರಲ್ಲಿ.

ಮಲೆನಾಡಿನ ಅನೇಕ ಮನೆಗಳಲ್ಲಿ ಮಗಳು ದೊಡ್ಡವಳಾದಾಗ ನೆಂಟರಿಷ್ಟರನ್ನು ಕರೆದು ಆರತಿ ಎತ್ತುತ್ತಾರೆ, ಕೆಲವೆಡೆ ತಿಂಗಳಿಗೆ ಮೂರು ದಿನ ಈಗಲೂ ಹೊರಗೆ ಕೂರಿಸುತ್ತಾರೆ. ಊರಿಗೆಲ್ಲ ತಿಳಿಯುವ ಈ ಸಂಗತಿ ಏಕೆ ನಡೆಯುತ್ತದೆಂದು ಅವಳಿಗೆ ಹೇಳುವವರು ಕಡಿಮೆ. ಹುಡುಗರಿಗಂತೂ ಆರತಿಯೂ ಇಲ್ಲ, ಮಾತೂ ಇಲ್ಲ. ಸ್ವಪ್ನಸ್ಖಲನವನ್ನು ರೋಗವೆಂದು ಹೆದರಿದವನಿಗೆ ಸಿಗುವುದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಗುಪ್ತರೋಗದ ಜಾಹೀರಾತು, ಇಲ್ಲವೇ ಮೊಬೈಲು.

ಶಾಲೆಗಳು ಈ ವಿಷಯವನ್ನು ಮುಟ್ಟದೆ ಉಳಿದದ್ದಕ್ಕೆ ಇತಿಹಾಸವಿದೆ. ಎಚ್‌ಐವಿ ತಡೆಯ ಉದ್ದೇಶದಿಂದಲೂ ಕೇಂದ್ರವು ರೂಪಿಸಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರ ಸುಮಾರಿಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆಹಿಡಿದವು. ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆಂಬ ಭಯ ಅದರ ಹಿಂದಿತ್ತು. ಭಯ ಪ್ರಾಮಾಣಿಕವಾದದ್ದೇ ಇರಬಹುದು, ಆದರೆ ಪುರಾವೆ ಅದರ ಪರವಾಗಿಲ್ಲ. ಯುನೆಸ್ಕೊ 2009ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಗಾಗಿ ನಾನಾ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದಾಗ, ಸಮಗ್ರ ಲೈಂಗಿಕ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆಯಾಗಲಿ ಅಪಾಯದ ವರ್ತನೆಯಾಗಲಿ ಹೆಚ್ಚುವುದಿಲ್ಲವೆಂದು ಕಂಡುಬಂದಿತು. ಕೇವಲ ಸಂಯಮವನ್ನು ಬೋಧಿಸುವ ಪಾಠಗಳು ಮೊದಲ ಸಂಬಂಧವನ್ನು ಮುಂದೂಡುವುದರಲ್ಲಿಯೂ ಸೋತಿದ್ದವು.

ಆ ಮಾರ್ಗದರ್ಶಿ ಐದರಿಂದ ಎಂಟು ವರ್ಷದ ಮಕ್ಕಳಿಂದ ಆರಂಭವಾಗುತ್ತದೆ ಎಂದರೆ ಹಲವರು ಬೆಚ್ಚುತ್ತಾರೆ. ಆದರೆ ಆ ವಯಸ್ಸಿಗೆ ಅದರಲ್ಲಿರುವುದು ಅಂಗಾಂಗಗಳ ಸರಿಯಾದ ಹೆಸರು, ಗೆಳೆತನ, ಬೇಡದ ಸ್ಪರ್ಶ, ಅದನ್ನು ಯಾರಿಗೆ ಹೇಳಬೇಕೆಂಬುದು. ಅಡಿಕೆ ತೋಟಗಳ ನಡುವಿನ ಒಂಟಿ ಮನೆಯಿಂದ ಬಸ್ಸಿನ ದಾರಿಗೆ ನಡೆದು ಬರುವ ಮಗುವಿಗೆ ಇದು ತಿಳಿದಿರಬೇಡವೇ? ಸಂಬಂಧಗಳ ಪಾಠ ಮೊದಲು ಬಂದು ಗರ್ಭಧಾರಣೆಯ ಪಾಠ ಅದರ ಮೇಲೆ ನಿಲ್ಲಬೇಕು. ನಮ್ಮಲ್ಲಿ ಎರಡನೆಯದು ಒಂಟಿಯಾಗಿ, ಅಂಗರಚನೆಯ ಚಿತ್ರವಾಗಿ, ಅಂಕಕ್ಕಾಗಿ ಬರುತ್ತದೆ. ಒಪ್ಪಿಗೆ ಎಂದರೇನು, ಬೇಡವೆಂದವರನ್ನು ಹಿಂಬಾಲಿಸುವುದು ಪ್ರೀತಿಯಲ್ಲವೇಕೆ, ಕಳಿಸಿದ ಫೋಟೊ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆಲ್ಲ ಅಲ್ಲಿ ಜಾಗವಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ 18 ತುಂಬದವರ ಒಪ್ಪಿಗೆಯನ್ನು ಒಪ್ಪಿಗೆಯೆಂದೇ ಪರಿಗಣಿಸುವುದಿಲ್ಲ; ಇದು ಪಿಯು ಓದುವ ಜೋಡಿಗೆ ಎಷ್ಟೋ ಸಲ ಗೊತ್ತಾಗುವುದು ಪೊಲೀಸ್ ಠಾಣೆಯಲ್ಲಿ.

ಇದೇ ಶಿವಮೊಗ್ಗ ಜಿಲ್ಲೆಯ ಸೊರಬದ ಶಾಸಕರೂ ಆದ ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರಲ್ಲಿ ಎಂಟರಿಂದ ಹನ್ನೆರಡನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ತರುವುದಾಗಿ ಪ್ರಕಟಿಸಿದರು. ಹೆಜ್ಜೆ ಸರಿಯಾದದ್ದು, ಹೊರಡುವ ಜಾಗ ತಡವಾದದ್ದು. ಅದೇ ವರ್ಷ ಸುಪ್ರೀಂ ಕೋರ್ಟು ಕೂಡ ಒಂಬತ್ತನೇ ತರಗತಿಯವರೆಗೆ ಕಾಯದೆ ಎಳೆಯ ವಯಸ್ಸಿನಿಂದಲೇ ಇದನ್ನು ಕಲಿಸಬೇಕೆಂದಿತು. ಸಚಿವರ ಪ್ರಕಟಣೆಯಲ್ಲಿದ್ದ, ವೈದ್ಯರಿಂದ ಪಾಠ ಹೇಳಿಸುವ ಯೋಚನೆಯ ಬಗ್ಗೆಯೂ ನನಗೆ ಅನುಮಾನವಿದೆ: ಆಗುಂಬೆಯ ಮಳೆಗಾಲದಲ್ಲಿ ಆಸ್ಪತ್ರೆ ಬಿಟ್ಟು ವೈದ್ಯರು ಎಷ್ಟು ಶಾಲೆಗಳಿಗೆ ಹೋಗಿಯಾರು? ದಿನವೂ ಎದುರಿಗಿರುವವರು ಶಿಕ್ಷಕರು. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ಪುರುಷನಿಗೆ, ಇಂಥ ತರಬೇತಿ ಕೊಡಬೇಕೆನ್ನುತ್ತದೆ. ಮಕ್ಕಳು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕುವ ಪ್ರಶ್ನೆಗಳಿಗೆ ಅವರು ಉತ್ತರಿಸಬಹುದು. ಆದರೆ ದೌರ್ಜನ್ಯ ತಿಳಿದುಬಂದರೆ ವರದಿ ಮಾಡುವುದು ಪೋಕ್ಸೊ ಪ್ರಕಾರ ಅವರಿಗೂ ಕಡ್ಡಾಯ. ಆದ್ದರಿಂದ ಯಾವ ಮಾತು ಗುಟ್ಟಾಗಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ಮೊದಲ ಪಾಠದಲ್ಲೇ ಮಕ್ಕಳಿಗೆ ಹೇಳಿಬಿಡಬೇಕಾಗುತ್ತದೆ.